ಅಂತ್ಯ ಲಭ್ಯವಿಲ್ಲ

ಬರ್ರಿ, ಚಪ್ಲಿ ಹೊರಗ ಬಿಡ್ರಿ.
ಫರಸಿ ತಣ್ಣಗದ, ಶಹಾಬಾದಿದು,
ಈ ಬಿಸಲಾಗ ಇದೊಂದೇ ಸುಖ ಈ ಖೋಲಿದು.
ಮೊದಲಿಗೆ ಇದು ಚಿತ್ತಾಪುರ ತಹಶೀಲಿನ ದಫ್ತರಖಾನಿ.
ಪಹಣಿ ತಿಂದು ದಪ್ಪಾದ ಹುಳ
ಇನ್ನೂ ಗ್ವಾಡಿ ಸಂದ್ಯಾಗ ಅದಾವ.
ಈಗ ಭೀಮಶಾ ಮಾಸ್ತರರ ಮ್ಯೂಜಿಯಂ.

ಇದು ಅವರ ಚಾಳೀಸು, ಒಂದು ಕಡ್ಡಿಗೆ ದಾರ.
ಇದು ಪೇಟಿ, ಎರಡು ಸ್ವರ ಸತ್ತಾವ.
ಇದು ರಾಜನ ಕಿರೀಟ.
ಬಗ್ಗಿ ಒಳಗ ನೋಡ್ರಿ,
ಡಾಲ್ಡಾ ಡಬ್ಬಿಯ ತಾಳೆಗಿಡ ಇನ್ನೂ ಹಸರಾಗೇ ಅದ.
ಇಪ್ಪತ್ತು ವರ್ಷ ಇದನ್ನ ಹೊತ್ತಾಂವ
ಹಗಲೆಲ್ಲ ವಾಡಿ ಫ್ಯಾಕ್ಟರ್ಯಾಗ ಚೀಲ ಎಣಸ್ತಿದ್ದ.
ರಾತ್ರಿ ಅವನ ಹುಬ್ಬಿನ ಮ್ಯಾಲಿನ ಬಿಳೇದು
ಪೌಡರೋ ಸಿಮೆಂಟೋ
ಯಾರೂ ಕೇಳಲಿಲ್ಲ.

ಇದು ಹ್ಯಾಂಡ್‌ಬಿಲ್ಲು.
ಒಂದು ಮಗ್ಗಲ ಕನ್ನಡ, ಒಂದು ಮಗ್ಗಲ ಉರ್ದು.
'ಹೆಣ್ಮಕ್ಕಳಿಗೆ ಬ್ಯಾರೆ ಕಂಪೌಂಡು.
ಮಳೆ ಬಂದಲ್ಲಿ ರೊಕ್ಕ ವಾಪಸ್ ಇಲ್ಲ.'
ಮಳಿ! ನಮ್ಮ ಕಡಿ! ಏಪ್ರಿಲ್ಲಿನಾಗ!
ಮಾಸ್ತರ ಬರದ ಮೂವತ್ತೊಂದು ನಾಟಕದಾಗ
ಇದರಷ್ಟು ನಗು ಎದರಾಗೂ ಇಲ್ಲಂತ
ನಮ್ಮ ಅಬ್ಬಾ ಹೇಳ್ತಿದ್ದ.

ಅಬ್ಬಾನ ಫೋಟೊ ಇಲ್ಲಿ ಇಲ್ಲ.
ಕಂಪನಿ ಗುಂಪಿನ ಫೋಟೊದಾಗ, ಹಾಂ, ಅಲ್ಲೇ,
ಪರದೆ ಅಂಚಿನಾಗ ಒಂದು ಮೊಳಕೈ ಕಾಣಸ್ತದಲ್ಲ,
ಅದು.
ಮೌಲಾಲಿ, ಪ್ರಾಂಪ್ಟರ್.
ಬೆಳಕಿನಾಗ ಒಮ್ಮೆನೂ ನಿಂತಾಂವಲ್ಲ.
ರಾಜ ಸಿಟ್ಟಿಗೇಳೂದಕ್ಕ ಒಂದು ಉಸಿರು ಮೊದಲೇ
ಇಂವ ಸಿಟ್ಟಿಗೆದ್ದು ಮುಗಸ್ತಿದ್ದ, ಪಿಸುದನಿಯಾಗ.
ಮನ್ಯಾಗ ಅಮ್ಮಾನ ಕೂಡ ಜಗಳಾನೂ ಹಂಗೇ,
ಸಣ್ಣ ದನಿ,
ಮುಂದ ಆಕಿ ಏನಂತಾಳ
ಅದನ್ನೂ ತಾನೇ ಅಂದುಬಿಡ್ತಿದ್ದ.
ಆಕಿಗೆ ಅಳೂದೊಂದೇ ಉಳೀತಿತ್ತು,
ಕೆಲವು ಸಲ ನಗೂದು.

ಈ ಗಾಜಿನ ಪೆಟ್ಟಿಗ್ಯಾಗ ಕಡೇ ನಾಟಕ.
ಮೂರು ಅಂಕ. ಮಸಿ ಈಗ ಚಾ ಬಣ್ಣಕ್ಕ ಬಂದದ.
ಇಲಾಖೆಯವರು ಚೀಟಿ ಹಚ್ಯಾರ, ಛಾಪಿಸಿದ್ದು:
'ನಾಲ್ಕನೇ ಅಂಕ ಅಪೂರ್ಣ. ಅಂತ್ಯ ಲಭ್ಯವಿಲ್ಲ.'

ಆವಾಗ ಮಾಸ್ತರರ ಕಣ್ಣು ಹೋಗಿದ್ದವು.
ಕಾಗದ ಎದಕ್ಕೋ ಮೌಲಾಲಿ, ಅಂದ್ರಂತ,
ನೀ ಅದಿಯಲ್ಲ.
ಮೂರು ದಿನ ಬೇವಿನ ಗಿಡದ ಬುಡಕ ಕುಂತು
ಅವರು ಹೇಳಿದ್ರು, ಇಂವ ಕೇಳಿದ.
ನಾಕನೇ ದಿನ ಚಾ ಆರಿತು, ಮಾಸ್ತರ ಏಳಲಿಲ್ಲ.
ಕಂಪನಿ ಒಡೀತು.
ಅರಮನಿ ಪರದೆ ಯಾರದೋ ತೊಗರಿ ರಾಶಿಗೆ ಹೊದಿಕಿ ಆತು,
ಕಂಬ, ಕಮಾನು, ಎರಡು ನವಿಲು ಸಮೇತ.

ಆ ಅಂಕ ಎಲ್ಲೂ ಆಡಲಿಲ್ಲ,
ನಮ್ಮ ಮನಿ ಒಂದು ಬಿಟ್ಟು.
ನಿದ್ದಿಗಣ್ಣಾಗ ಅಬ್ಬಾ ಶುರು ಮಾಡ್ತಿದ್ದ,
ರಾಣಿದು ಒಂದು ಮಾತು, ಕಾವಲಿನವಂದು ಒಂದು,
ಆಮ್ಯಾಲ ಸುಮ್ಮ.
ಗೊರಕಿ ಅಂತಿದ್ಲು ಅಮ್ಮಾ.
ಗೊರಕಿ ಅಲ್ಲ.
ನಟ ಮಾತು ಎತ್ತಿಕೊಳ್ಳಲಿ ಅಂತ ಬಿಟ್ಟ ಜಾಗಾ ಅದು.
ನನಗ ಆಗ ಒಂಬತ್ತೋ ಹತ್ತೋ.
ಒಂದಿನ ಕತ್ತಲದಾಗ, ಕೌದಿಯೊಳಗಿಂದ,
ಎತ್ತಿಕೊಂಡೆ.
ಅಬ್ಬಾ ಎಚ್ಚರಾಗಲಿಲ್ಲ. ಮುಂದಿನ ಸಾಲು ಕೊಟ್ಟ.

ಹ್ವಾದ ವರ್ಷ ಯೂನಿವರ್ಸಿಟಿಯಿಂದ ಒಬ್ಬ ಹುಡುಗ ಬಂದಿದ್ದ,
ಅಂತ್ಯ ಯಾರಿಗಾರ ಗೊತ್ತದೇನ್ರಿ ಅಂದ.
ಮುಖದಾಗ ಹಸಿವಿತ್ತು, ಸುಳ್ಳ್ಯಾಕ ಹೇಳಲಿ.
ಗಾಜು ಒರಸ್ಕೋತ ಇಲ್ಲಂದೆ.
ಆಮ್ಯಾಲ ಎರಡು ದಿನ ಊಟ ಸೇರಲಿಲ್ಲ.
ಹೇಳಿದ್ರ ಬರಕೋತಾನ,
ಬರಕೊಂಡ್ರ ಇನ್ನೊಂದು ಪೆಟ್ಟಿಗಿ, ಇನ್ನೊಂದು ಚೀಟಿ,
ಅದಕ್ಕೂ ನಾನೇ ಬೀಗ ಹಾಕಬೇಕು.
ಅಥವಾ ಅದಲ್ಲ ಖರೇ ಕಾರಣ.
ಯಾವುದಂತ ನನಗೂ ತಿಳೀವಲ್ದು.

ಐದಾತು. ರಿಜಿಸ್ಟರದಾಗ ಸಹಿ ಹಾಕ್ರಿ.
ಅಭಿಪ್ರಾಯದ ಕಾಲಮ್ಮು ಖಾಲಿ ಬಿಟ್ರೂ ನಡೀತದ.

ಏನಂದ್ರಿ?
ಗಾಜು ಒರಸೂವಾಗ ನನ್ನ ತುಟಿ ಅಲಗಿದ್ವೇನು?
ಕೇಳಸ್ತೇನು ಏನಾರ?
ಇಲ್ಲ?
ಹಾಂ. ಮುಂದಿನ ಸಾಲಿನವರಿಗೂ ಕೇಳಬಾರದು,
ಅಬ್ಬಾ ಕಲಿಸಿದ್ದು ಅದೊಂದೇ.