ಗುನ್ವೋರ್ ಕೀಲಿ ಒಪ್ಪಿಸುವ ವಾರ

ಕನ್ನಡಕ ಹಾಕಿಕೊ, ನಿನೋಸ್.
ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ;
ಕಣ್ಣು ಹೋದಮೇಲಷ್ಟೇ ಗೊತ್ತಾಗುತ್ತದೆ
ಎದುರಿಗೆ ಏನಿತ್ತೆಂದು.

ಹೊರಗೆ ಟ್ರೋಲ್‌ಹೆಟ್ಟನ್ನಿನ ಹಗಲು
ಮೂರೂವರೆಗೇ ಮುಗಿದಿದೆ.
ಕಾಲುವೆಯ ಎರಡು ಬಾಗಿಲುಗಳ ನಡುವೆ ಒಂದು ಹಡಗು
ನೀರು ಏರಲೆಂದು ದೀಪ ಹಚ್ಚಿಕೊಂಡು ನಿಂತಿದೆ.
ನಿಲ್ಲಲಿ. ನಮಗೂ ಅವಸರವಿಲ್ಲ.
ಶುಕ್ರವಾರದ ತನಕ ನಾನು ಇಲ್ಲೇ ಇರುವವಳು,
ಆಮೇಲೆ ಈ ಕೀಲಿಗೊಂಚಲು ನಿನ್ನದು.

ಇಗೋ, ಈ ಅಲಗು.
ಅಂಗೈಯಷ್ಟಿದೆ, ಹಳೆಯ ಬೆಳ್ಳಿ ಚಮಚದ ಬಾಗು.
ವಿಮಾನದ ಹೊಟ್ಟೆಯೊಳಗೆ
ತಾನು ಕರಗುವ ಬಿಸಿಗಿಂತ ಹೆಚ್ಚಿನ ಬಿಸಿಯಲ್ಲಿ
ತಿರುಗುತ್ತಿತ್ತು.
ಬದುಕಿದ್ದು ಮೈಮೇಲಿನ ಬಿಳಿ ಪದರದಿಂದ:
ಕಾಲು ಮಿಲಿಮೀಟರ್ ಜಿರ್ಕೋನಿಯಾ,
ಅದಕ್ಕೆ ಚಿಟಿಕೆ ಯಿಟ್ರಿಯಾ.
ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಎರಚಿದ್ದೇವೆ,
ಹನಿ ಚಪ್ಪಟೆಯಾಗಿ, ಅದರ ಮೇಲೆ ಹನಿ ಚಪ್ಪಟೆಯಾಗಿ,
ರೊಟ್ಟಿ ಪೇರಿಸಿದ ಹಾಗೆ,
ನಡುನಡುವೆ ಉಸಿರಿನಷ್ಟು ಸಂದು.
ಆ ಸಂದೇ ಅದರ ತಂಪು.
ಶತ್ರುವಿಗೆ ಬಾಗಿಲೂ ಅದೇ.

ಶತ್ರು ಯಾರು ಎಂದು ಕೇಳಿದೆಯಲ್ಲ ಮೊನ್ನೆ.
ಧೂಳು.
ಮರಳುಗಾಡಿನ ಯಾವುದೋ ರನ್‌ವೇಯಿಂದ ಒಳಹೊಕ್ಕು,
ಕರಗಿ, ಗಾಜಾಗಿ, ಸಂದಿಸಂದಿಗೆ ಇಳಿದು,
ತಣಿಯುವಾಗ ಹಿಡಿದದ್ದನ್ನು ಬಿಡುವುದಿಲ್ಲ.
ಆಗ ಪದರ ಹಕ್ಕಳೆಯೆದ್ದು ಉದುರುತ್ತದೆ.

ಆ ಕಂದು ಗಾಜನ್ನು ನೀನು ಉಗುರಿನಿಂದ ಕೆರೆದು
ಎಲ್ಲಿಯ ಮಣ್ಣಿದು ಎಂದೆ.
ದಾಖಲೆಯಲ್ಲಿ ಊರಿನ ಹೆಸರಿರಲಿಲ್ಲ.
ನಮ್ಮಜ್ಜಿ ಕಮಿಶ್ಲಿಯಲ್ಲಿ ಸಂಜೆಯಾದರೆ
ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು,
ಧೂಳು ಏಳಬಾರದೆಂದು. ಅಷ್ಟು ಹೇಳಿ
ಒಂದು ಚೂರನ್ನು ಪೊಟ್ಟಣ ಕಟ್ಟಿದೆ.
ಜೇಬಿಗೆ ಹಾಕಿದ್ದನ್ನು ನಾನು ನೋಡಲಿಲ್ಲ.
ಯಾರಾದರೂ ಕೇಳಿದರೆ, ನೋಡಲೇ ಇಲ್ಲ.

ಇರಲಿ, ಕೆಲಸಕ್ಕೆ ಬರೋಣ.
ಲೇಸರ್ ಮಾಡುವುದು ಇಷ್ಟೆ:
ಮೇಲ್ಪದರದ ಮೇಲಿನ ಪೊರೆಯನ್ನು, ಕೂದಲ ದಪ್ಪ,
ರೆಪ್ಪೆ ಬಡಿಯುವುದರೊಳಗೆ ಕರಗಿಸಿ ಬಿಡುವುದು.
ತೆರೆದ ಬಾಯಿಗಳು ಕೂಡಿಕೊಳ್ಳುತ್ತವೆ.
ಒರಟು ನುಣುಪಾಗುತ್ತದೆ.

ನಿನ್ನ ಮೊದಲ ತುಂಡು ನೆನಪಿದೆಯೆ?
ಮುಂಚೆಯೇ ಕಾಯಿಸಿ, ನಿಧಾನಕ್ಕೆ ತಣಿಸಿ,
ಒಂದೂ ಬಿರುಕಿಲ್ಲದಂತೆ ಮಾಡಿ
ಬೆಕ್ಕು ಇಲಿ ತಂದಿಟ್ಟ ಹಾಗೆ
ನನ್ನ ಮೇಜಿನ ಮೇಲಿಟ್ಟೆ. ಕನ್ನಡಿ!
ಪಕ್ಕದಲ್ಲಿ ನನ್ನದು, ಬಿರುಕಿನ ಬಲೆ,
ಥೇಟು ನನ್ನ ಹಿಮ್ಮಡಿ.
ನಿನಗೆ ನಗು ಬಂದರೂ ತಡೆದುಕೊಂಡೆ, ಒಳ್ಳೆಯ ಹುಡುಗ.

ಎರಡನ್ನೂ ಕುಲುಮೆಗೆ ಇಟ್ಟೆವು.
ಒಂದು ತಾಸು ಸಾವಿರದ ನೂರು ಡಿಗ್ರಿ,
ಹತ್ತು ನಿಮಿಷ ಹೊರಗಿನ ಗಾಳಿ, ಮತ್ತೆ ಒಳಗೆ.
ಹಗಲೂ ರಾತ್ರಿಯೂ.
ನೂರಾ ಎಂಬತ್ತಮೂರನೆಯ ಸಲ
ಟಪ್ಪೆಂದು
ನಿನ್ನ ಕನ್ನಡಿ ಇಡಿಯಾಗಿ ಕಳಚಿಬಿತ್ತು.
ಅವತ್ತು ನೀನು ಕಾಫಿ ಮುಟ್ಟಲಿಲ್ಲ.
ನನ್ನದು ಇನ್ನೂ ಒಳಗೇ ಇದೆ.

ಲೋಹ ಹಿಗ್ಗುವಷ್ಟು ಮಣ್ಣು ಹಿಗ್ಗದು, ಮಗು.
ಕೆಳಗಿನದು ಎಳೆದಾಗ
ಮೇಲಿನದು ಎಲ್ಲಾದರೂ ಬಾಯಿ ಬಿಡಲೇಬೇಕು.
ಬಿಡಲಿ, ಆದರೆ ನೆಟ್ಟಗೆ.
ಬಾ, ಕತ್ತರಿಸಿ ಉಜ್ಜಿಟ್ಟಿದ್ದೇನೆ, ಸೂಕ್ಷ್ಮದರ್ಶಕದಲ್ಲಿ ನೋಡು.
ನಿಂತ ಬಿರುಕು ಕಾಯುತ್ತದೆ,
ಮಲಗಿದ ಬಿರುಕು ಕಳಚುತ್ತದೆ.
ನಲವತ್ತು ವರ್ಷದಲ್ಲಿ ನಾನು ಕಲಿತದ್ದು ಇದೊಂದು ಮಾತು;
ಮಿಕ್ಕದ್ದೆಲ್ಲ ಫೈಲಿನಲ್ಲಿದೆ,
ಮೂರನೆಯ ಕಪಾಟು, ಹಿಡಿ ಸಡಿಲ, ಎತ್ತಿ ಎಳೆಯಬೇಕು.

ಹಾಗಾದರೆ ಆ ನಿಂತ ಬಿರುಕಿನಿಂದಲೇ
ಧೂಳು ಇಳಿಯುವುದಿಲ್ಲವೆ ಎನ್ನುತ್ತೀಯ.
ಇಳಿಯುತ್ತದೆ.
ಅದಕ್ಕೆ ನನ್ನ ಬಳಿ ಉತ್ತರವಿಲ್ಲ.
ನಿನ್ನನ್ನು ಕೆಲಸಕ್ಕೆ ಕೇಳಿಕೊಂಡದ್ದು ಅದಕ್ಕೇ.

ಹಡಗು ಮೇಲೆ ಬಂತು, ನೋಡಿದೆಯಾ,
ಅದರ ದೀಪ ಈಗ ನಮ್ಮ ಕಿಟಕಿಯ ಮಟ್ಟಕ್ಕಿದೆ.
ಬಾಗಿಲು ಹಾಕು.
ಒತ್ತು.