ಎರಡು ಕಪ್ಪು

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ಎರಡು ಮೆಟ್ಟಿಲು ಇಳಿದರೆ ಆಲಿಕುಟ್ಟಿಯ ಹೊಲಿಗೆಯಂಗಡಿ.
ಮುದ್ದವ್ವನ ರವಿಕೆಯನ್ನು ಮೇಜಿನ ಮೇಲಿಟ್ಟು
‘ಇದರ ಹಾಗೇ ಇನ್ನೊಂದು’ ಅಂದೆ.
‘ಇಷ್ಟುದ್ದ ತೋಳು? ಕತ್ತಿನವರೆಗೆ ಗುಂಡಿ?
ನಾಟಕವಾ ಮೋಳೇ?’

ನಾಟಕವಲ್ಲ. ಅಂಚೆ ಕಚೇರಿ, ಮೂರನೇ ಕಿಟಕಿ.
ಹದಿನಾಲ್ಕು ವರ್ಷ
ಹಬ್ಬದ ರಿಯಾಯಿತಿಯಲ್ಲಿ ಸಿಕ್ಕಿದ್ದನ್ನೆಲ್ಲ ಉಟ್ಟೆ.
ಕನ್ನಡಿಯೆದುರು ಪ್ರತಿ ಸಲವೂ
ಅಂಗಡಿಯ ಗೊಂಬೆಯೇ ನನ್ನನ್ನು ತೊಟ್ಟು ನಿಂತ ಹಾಗೆ.

ಒಂದು ಕಕ್ಕಡದಲ್ಲಿ ಯಾವುದೂ ಒಣಗಲಿಲ್ಲ.
ಪೆಟ್ಟಿಗೆಯ ತಳದಲ್ಲಿ ಒಣಗಿದ್ದದ್ದು ಇದೊಂದೇ,
ಅಜ್ಜಿಯ ತಂಗಿಯದು, ನುಸಿಗುಳಿಗೆಯ ವಾಸನೆಯದು.
ತೊಟ್ಟೆ. ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು:
ಆ ಬೆನ್ನಿನ ಕತ್ತರಿಯಲ್ಲಿ
ಗೂನು ಬೀಳಲು ಜಾಗವನ್ನೇ ಬಿಟ್ಟಿರಲಿಲ್ಲ.

ಅಲ್ಲಿಂದ ಹುಚ್ಚು.
ಮದುವೆಯ ಹಳೆ ಪಟಗಳಲ್ಲಿ ಮುಖಗಳನ್ನು ಬಿಟ್ಟು
ತೋಳುಗಳನ್ನೇ ನೋಡಿದೆ, ಭೂತಗನ್ನಡಿ ಹಿಡಿದು.
ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸುವುದನ್ನು
ಕೆಲಸದ ದಿನಗಳಿಗೂ ಕಲಿಸಿದೆ.
ಸೆರಗಿನ ತುದಿ ಬಲ ಹೆಗಲಿಗೆ, ಪಿನ್ನು ಅತ್ತೆಯದು.
‘ಇವತ್ತು ಯಾರ ಮದುವೆ?’ ಅಂದ, ಟಪಾಲು ವಿಂಗಡಿಸುವ ಬೋಜ.
‘ಮಂಗಳವಾರದ್ದು’ ಅಂದೆ.

ಆಲಿಕುಟ್ಟಿ ಹಳೆ ಪತ್ರಿಕೆ ಹರಡಿ ನಕ್ಷೆ ತೆಗೆದ.
ಎಡತೋಳಿನೊಳಗೆ ಯಾರದೋ ನಿಧನ ವಾರ್ತೆ,
ಪೇಟ ಕಟ್ಟಿದ ಮೀಸೆ, ಅರ್ಧ ಹೆಸರು.
ಆಮೇಲೆ ರವಿಕೆಯನ್ನು ಒಳಹೊರಗು ಮಾಡಿ
ಬಾಗಿಲ ಬೆಳಕಿಗೆ ಹಿಡಿದ,
ಸುಮ್ಮನಾದ.

‘ನೋಡು, ಎರಡು ಕಪ್ಪು.’
ಹೆಗಲಿಂದ ಮೊಣಕೈವರೆಗೆ ಕಂದು ಬೆರೆತದ್ದು,
ಮೊಣಕೈಯಿಂದ ಮಣಿಕಟ್ಟಿಗೆ ನೀಲಿಗೆ ತಿರುಗಿದ್ದು.
ನಡುವೆ ಇರುವೆ ಸಾಲಿನಂಥ ಹೊಲಿಗೆ.
‘ಇದು ಹೆಂಗಸಿಗೆ ಹೊಲಿದದ್ದೇ ಅಲ್ಲ.
ಗಂಡಸಿನ ಕುಪ್ಯ. ಬಿಚ್ಚಿದ್ದಾರೆ, ಹಿಡಿದಿದ್ದಾರೆ.
ಕೆಳಗಿನದು...’ ಉಗುರಲ್ಲಿ ಕೆರೆದು ಮೂಸಿದ,
‘ಕೊಡೆ ಬಟ್ಟೆ.’

ಕೊಡೆ ಬಟ್ಟೆ!
ನಾನು ಎರಡು ವರ್ಷದಿಂದ
ಮೂಲವೆಂದು ಮಡಿಯಲ್ಲಿಟ್ಟು ಕಾಯುತ್ತಿದ್ದದ್ದು
ಮುದ್ದವ್ವನ ಕಿತಾಪತಿ.
ಯಾರ ಕುಪ್ಯ? ಅಣ್ಣನದೋ, ಗಂಡನದೋ,
ಕೇಳಿ ತೆಗೆದಳೋ, ಕೇಳದೆಯೋ.
ಹೇಳಬಲ್ಲವರು ಯಾರೂ ಇಲ್ಲ.
ಇದ್ದರೂ, ಅವಳು ಅವರಿಗೆ ಹೇಳಿದ್ದಳೆಂದು
ನನಗೇನೂ ನಂಬಿಕೆಯಿಲ್ಲ.

‘ಹೊಸದಕ್ಕೂ ಮೊಣಕೈಯಲ್ಲಿ ಜೋಡಣೆ ಇರಲಿ.’
‘ಬಟ್ಟೆ ಸಾಕಷ್ಟಿದೆಯಲ್ಲ.’
‘ಇರಲಿ.’
‘ಬೇಡದ ಜೋಡಣೆಗೆ ಕೂಲಿ ಹೆಚ್ಚು.’
‘ಆಗಲಿ.’
‘ಹಾಗಾದರೆ ಕೆಳತೋಳಿಗೆ ನಿನ್ನದೇನಾದರೂ ತಾ.’

ಮನೆಯಲ್ಲಿ ಕಪ್ಪು ಕೊಡೆ ಈಗ ಯಾರ ಹತ್ತಿರ ಇದೆ?
ನನ್ನದು ಮೂರು ಮಡಿಕೆಯದು,
ಕಡ್ಡಿ ಮುರಿದು ಬಾಗಿಲ ಹಿಂದೆ ನೇತಾಡುತ್ತಿತ್ತು,
ನೈಲಾನು, ನೇರಳೆ ಬಣ್ಣ, ಮೇಲೆ ಬಿಳಿ ಹೂವು
ಯಾವ ತೋಟದಲ್ಲೂ ಬಿಡದಂಥವು.

ಅದನ್ನೇ ಒಯ್ದೆ.
ಆಲಿಕುಟ್ಟಿ ಟೇಪನ್ನು ಕೊರಳಿಂದ ತೆಗೆದು,
ಮತ್ತೆ ಹಾಕಿಕೊಂಡ.

ಈಗ ಮೂರನೇ ಕಿಟಕಿಯಲ್ಲಿ
ನಾನು ಪ್ರತಿ ಸಲ ಮುದ್ರೆ ಒತ್ತುವಾಗ
ತೋಳು ‘ಸರಕ್’ ಅನ್ನುತ್ತದೆ.
ಪಿಂಚಣಿಗೆ ಬಂದ ಮುದುಕಿಯೊಬ್ಬಳು
ಕೌಂಟರಿನ ಕಂಡಿಯಿಂದ ಕೈ ತೂರಿಸಿ
ಆ ಹೂವನ್ನು ಮುಟ್ಟಿ ನೋಡಿ ಕೇಳಿದಳು:
‘ನೆನೆಯುವುದಿಲ್ಲವಾ ಇದು?’