ಅಂಗೈಯಗಲ

ಫೋನಿನಲ್ಲಿ ಹೇಳಿದ್ದು ಇಷ್ಟೇ:
ವಿಠೋಬಣ್ಣ, ಜೀನಿನ ಬಕಲ್ ಕಿತ್ತಿದೆ, ಒಂದು ಸಲ ಬಂದು ಹೋಗಿ.
ಶಿವಾಜಿನಗರದಿಂದ ಬಸ್ಸು, ಹೆಬ್ಬಾಳದ ಫ್ಲೈಓವರಿನ ಮೇಲೆ ಮುಕ್ಕಾಲು ಗಂಟೆ,
ತೊಡೆಯ ಮೇಲೆ ಚೀಲ, ಚೀಲದಲ್ಲಿ ದಬ್ಬಳ, ಮೇಣ ಹಚ್ಚಿದ ದಾರ.
ಈಗೆಲ್ಲ ಹೊಲಿಯುವುದು ಸೋಫಾ, ಆಟೋ ಸೀಟು;
ಕುದುರೆ ಅಂತ ಯಾರಾದರೂ ಕರೆದರೆ
ಕೂಲಿ ಎಷ್ಟೆಂದು ಕೇಳದೆ ಹೊರಟುಬಿಡುತ್ತೇನೆ.

ಜಕ್ಕೂರಿನಾಚೆ, ತಗಡಿನ ಲಾಯದ ಕೊನೆಯಲ್ಲಿ
ಕಂದು ಹೆಣ್ಣು. ರೇಸಿನ ಪುಸ್ತಕದಲ್ಲಿ ಈವ್ನಿಂಗ್ ಪೋಸ್ಟ್,
ಸವಾರಿ ಕಲಿಯುವ ಮಕ್ಕಳ ಬಾಯಲ್ಲಿ ಚಂಡಿ.
ಜೀನು ಕಂಡರೆ ಕಿವಿ ಹಿಂದಕ್ಕೆ ಮಲಗಿಸುತ್ತಾಳೆ,
ಪಟ್ಟಿ ಬಿಗಿಯುವಾಗ ಹೊಟ್ಟೆ ಉಬ್ಬಿಸಿ ಗಾಳಿ ಕಚ್ಚುತ್ತಾಳೆ,
ಕೆಡವುವುದಾದರೆ ಎಡತಿರುವಿನಲ್ಲೇ ಕೆಡವುತ್ತಾಳೆ.
ಕೊಬ್ಬು, ಅಂದರು ಮೇಷ್ಟ್ರು.
ಹಣೆಯ ಸುಳಿ ಸರಿಯಿಲ್ಲ, ಅಂದರು ಮಾಲೀಕರ ಮಾವ,
ಕೊಳ್ಳುವಾಗಲೇ ಹೇಳಿದ್ದೆ, ಕೇಳಿದರೆ ತಾನೆ.
ಲಾಯದ ಅಂತೋಣಿಸಾಮಿ ಏನೂ ಅನ್ನಲಿಲ್ಲ.
ಒದೆ ತಿಂದ ಮೊಣಕಾಲ ಮೇಲೆ ಕೈಯಿಟ್ಟು ನಿಂತಿದ್ದ.

ಜೀನು ಇಳಿಸಿ, ಎಂದೆ. ಆಗಷ್ಟೇ ಓಡಿ ಬಂದಿದ್ದಳು.
ಬೆನ್ನೆಲ್ಲ ಬೆವರು, ಕಪ್ಪಗೆ ಹೊಳೆಯುವ ಕೆರೆ;
ಎಡಗಡೆ, ಹೆಗಲ ದಿಬ್ಬದ ಕೆಳಗೆ,
ಅಂಗೈಯಗಲ ಒಣ ನಡುಗಡ್ಡೆ.
ಬೆವರುವುದಕ್ಕೂ ಅಲ್ಲಿ ಬಿಟ್ಟಿಲ್ಲ ಭಾರ.
ಕಂದಿನ ನಡುವೆ ಏಳೆಂಟು ಬಿಳಿ ಕೂದಲು.
ವಯಸ್ಸಿನದಲ್ಲ; ಅವಳಿಗಿನ್ನೂ ಒಂಬತ್ತು.

ಬೆರಳಿಟ್ಟೆ. ಒತ್ತಲಿಲ್ಲ, ಇಟ್ಟೆ ಅಷ್ಟೇ.
ಚರ್ಮ ಕೊಡದ ನೀರಿನಂತೆ ತುಳುಕಿತು, ಬೆನ್ನು ತಗ್ಗಿತು,
ಹೊಳ್ಳೆಯ ಸುತ್ತ ಸುಕ್ಕು,
ಕಣ್ಣಿನ ಮೇಲೊಂದು ಮೂರುಮೂಲೆಯ ಮಡಿಕೆ.
ತಿರುಗಿ ನನ್ನ ತೋಳಿನವರೆಗೆ ಹಲ್ಲು ತಂದಳು,
ಅಲ್ಲೇ ನಿಲ್ಲಿಸಿದಳು.

ಜೀನನ್ನು ಮೊಣಕಾಲ ಮೇಲೆ ಬೋರಲು ಹಾಕಿದೆ.
ಎಡದಿಂಬಿನಲ್ಲಿ ಉಣ್ಣೆ ಗಂಟುಕಟ್ಟಿದೆ, ನಿಂಬೆಕಾಯಿ ಗಾತ್ರ.
ಹೊಲಿಗೆ ನೋಡಿದೆ. ಇಂಚಿಗೆ ಏಳು.
ಮೂಲೆಯಲ್ಲಿ ದಾರ ಎರಡು ಸಲ ಹಿಂದೆ ಬಂದು ಮುಗಿದಿದೆ.
ಹಾಗೆ ಮುಗಿಸುವವರು ಇಬ್ಬರೇ ಇದ್ದೆವು ನನಗೆ ಗೊತ್ತಿದ್ದಂತೆ,
ಅಪ್ಪ ಹೋಗಿ ಹತ್ತೊಂಬತ್ತು ವರ್ಷ.

ಆ ರಾತ್ರಿ ಕರೆಂಟು ಹೋಗಿತ್ತು.
ಯಾವುದೋ ಕುದುರೆಗೆ, ಬೆಳಗ್ಗೆಯೇ ಬೇಕು ಅಂದಿದ್ದರು.
ಬಲಗಡೆಯದನ್ನು ಹಿಂಜಿ ತುಂಬಿದ್ದೆ,
ಎಡಗಡೆಯದನ್ನು ತುರುಕಿದ್ದೆ.
ಹಣ ಎಣಿಸಿ ತೆಗೆದುಕೊಂಡಿದ್ದೆ, ಅದೂ ನೆನಪಿದೆ.

ಎಷ್ಟು ಹೊತ್ತಾಗುತ್ತೆ ಬಕಲ್ಲಿಗೆ? ಮೇಷ್ಟ್ರು ಕೇಳಿದರು.
ಬಕಲ್ಲಿಗೆ ಐದು ನಿಮಿಷ. ಜೀನು ನನ್ನ ಜೊತೆ ಬರಬೇಕು.
ಡಾಕ್ಟರಿಗೆ ಬೆನ್ನು ತೋರಿಸಿ,
ಅಲ್ಲಿಯವರೆಗೆ ಯಾರೂ ಹತ್ತಬೇಡಿ.
ಮೇಷ್ಟ್ರು ಗಡಿಯಾರ ನೋಡಿಕೊಂಡರು,
ನಾಲ್ಕರ ಕ್ಲಾಸಿಗೆ ಹುಡುಗರು ಬರುವ ಹೊತ್ತು.

ಗೇಟಿನ ಹತ್ತಿರ ಅಂತೋಣಿಸಾಮಿಗೆ ಹೇಳಿದೆ:
ಇದನ್ನು ಹೊಲಿದವನು ನಾನೇ.
ಅವನು ನನ್ನನ್ನು ನೋಡಲಿಲ್ಲ, ಲಾಯದ ಕಡೆ ನೋಡಿದ.
ನಾನೂ ಹೊಡೆದಿದ್ದೀನಿ ಅಣ್ಣ, ಎಂದ,
ಕೋಲಲ್ಲಿ. ಅಲ್ಲೇ, ಎಡಗಡೆ.

ಬಸ್ಸಿನಲ್ಲಿ ತೊಡೆಯ ಮೇಲೆ ಜೀನು.
ಲಗೇಜು ಅಂತ ಕಂಡಕ್ಟರ್ ಇನ್ನೊಂದು ಟಿಕೆಟ್ ಹರಿದ.
ಹೆಬ್ಬಾಳ ದಾಟುವಷ್ಟರಲ್ಲಿ
ಆ ಗಂಟು ತೊಡೆಗೆ ಒತ್ತತೊಡಗಿತು.
ಪಕ್ಕದವರು ಜಾಗ ಬಿಟ್ಟರು, ಸರಿಯಾಗಿ ಕೂತ್ಕೊಳ್ಳಿ, ಅಂದರು.
ನಾನು ಹಾಗೇ ಕೂತೆ.